‘ಏಷ್ಯನ್’ ಎಂಬ ಒಂದೇ ಕಾಲಮ್ಮು

ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಬಿಳಿಯ ಹೆಂಗಸರಿಗೆ ಹೆಚ್ಚು, ಉಳಿದವರಿಗೆ ಕಡಿಮೆ ಎಂಬ ಮಾತು ಬಹುಕಾಲ ಓಡಾಡಿಕೊಂಡಿತ್ತು. ಯಾಕೆ ಎಂದು ಕೇಳಿದರೆ ‘ಜನಾಂಗ’ ಎಂದು ಉತ್ತರಿಸಿ ಕೈತೊಳೆದುಕೊಳ್ಳುವುದು ಸುಲಭ. ಆ ಸೋಮಾರಿತನಕ್ಕೆ ದೊಡ್ಡ ಪೆಟ್ಟು ಕೊಟ್ಟದ್ದು 2005ರಲ್ಲಿ ರೋವನ್ ಕ್ಲೆಬೋಸ್ಕಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ.

ಅದರ ಬುನಾದಿ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಎಂಬ ಸಂಶೋಧನಾ ಯೋಜನೆ. 1993ರಿಂದ 1998ರವರೆಗೆ ಈ ಯೋಜನೆಗೆ ಸೇರಿದ, ಮುಟ್ಟು ನಿಂತಿದ್ದ, 50ರಿಂದ 79 ವಯಸ್ಸಿನ ಮಹಿಳೆಯರಲ್ಲಿ ಮೊದಲು ಸ್ತನ ಕ್ಯಾನ್ಸರ್ ಇಲ್ಲದಿದ್ದ 1,56,570 ಮಂದಿಯನ್ನು ಆರು ವರ್ಷಕ್ಕೂ ಮಿಕ್ಕಿ ಗಮನಿಸಲಾಯಿತು. 3,938 ಮಂದಿಗೆ ಕ್ಯಾನ್ಸರ್ ಬಂತು. ವಯಸ್ಸನ್ನಷ್ಟೇ ಸರಿದೂಗಿಸಿದಾಗ ಬಿಳಿಯರಲ್ಲೇ ಪ್ರಮಾಣ ಹೆಚ್ಚು. ಆದರೆ ಚೊಚ್ಚಲ ಹೆರಿಗೆಯ ವಯಸ್ಸು, ತೂಕ, ಹಾರ್ಮೋನ್ ಮಾತ್ರೆ, ಮದ್ಯ, ಮನೆತನದಲ್ಲಿ ರೋಗ ಇಂಥವುಗಳನ್ನೂ ಲೆಕ್ಕಕ್ಕೆ ತಂದೊಡನೆ ಹಿಸ್ಪಾನಿಕ್, ಏಷ್ಯನ್, ಮೂಲನಿವಾಸಿ ಮಹಿಳೆಯರಿಗೂ ಬಿಳಿಯರಿಗೂ ಇದ್ದ ಅಂತರ ಕರಗಿಹೋಯಿತು. ಅಲ್ಲಿಯವರೆಗೆ ‘ಜನಾಂಗ’ ಅನ್ನಿಸಿದ್ದು ಬಹುಮಟ್ಟಿಗೆ ಬದುಕಿನ ರೀತಿ.

ಹಾರ್ಮೋನ್ ಮಾತ್ರೆಯ ಕತೆ ಇದಕ್ಕೆ ಒಳ್ಳೆಯ ಸಾಕ್ಷಿ. ಇದೇ ಯೋಜನೆಯಡಿ 16,608 ಮಹಿಳೆಯರ ಮೇಲೆ ನಡೆದ ಈಸ್ಟ್ರೋಜೆನ್–ಪ್ರೊಜೆಸ್ಟಿನ್ ಪ್ರಯೋಗವನ್ನು, ಸ್ತನ ಕ್ಯಾನ್ಸರಿನ ಅಪಾಯ ಸುಮಾರು ಶೇ. 26ರಷ್ಟು ಏರಿದ್ದು ಕಂಡು, 2002ರಲ್ಲಿ ನಡುವೆಯೇ ನಿಲ್ಲಿಸಿದರು. ಲಕ್ಷಾಂತರ ಮಂದಿ ಮಾತ್ರೆ ಬಿಟ್ಟರು. ಮರುವರ್ಷವೇ ಅಮೆರಿಕದಲ್ಲಿ ಹೊಸ ರೋಗಿಗಳ ಪ್ರಮಾಣ ಇಳಿಯಿತು. ಇಳಿಕೆ ಎದ್ದು ಕಂಡದ್ದು ಬಿಳಿಯ ಮಹಿಳೆಯರಲ್ಲಿ, ಮಾತ್ರೆ ಹೆಚ್ಚು ನುಂಗುತ್ತಿದ್ದವರೂ ಅವರೇ. ಚರ್ಮದ ಬಣ್ಣವೇ ಕಾರಣವಾಗಿದ್ದರೆ ಒಂದೇ ವರ್ಷದಲ್ಲಿ ಅಂಕಿ ಹೀಗೆ ಬದಲಾಗುತ್ತಿತ್ತೇ?

2005ರ ಅಧ್ಯಯನಕ್ಕೆ ಮರಳಿದರೆ, ಆಫ್ರಿಕನ್ ಅಮೆರಿಕನ್ನರ ವಿಷಯದಲ್ಲಿ ಮಾತ್ರ ಲೆಕ್ಕ ಕೂಡಲಿಲ್ಲ. ಎಲ್ಲವನ್ನೂ ಸರಿದೂಗಿಸಿದ ಮೇಲೂ ಅವರಲ್ಲಿ ರೋಗ ಶೇ. 25ರಷ್ಟು ಕಡಿಮೆ, ಆದರೆ ಬಂದರೆ ಉಗ್ರ. ಹಾರ್ಮೋನ್ ಚಿಕಿತ್ಸೆಗೆ ಬಗ್ಗದ, ವೇಗವಾಗಿ ಬೆಳೆಯುವ ಗೆಡ್ಡೆಗಳು ಅವರಲ್ಲಿ ಶೇ. 32, ಬಿಳಿಯರಲ್ಲಿ ಶೇ. 10. ಸಾವಿನ ಅಪಾಯವೂ ಹೆಚ್ಚು. ಗೆಡ್ಡೆಯ ಸ್ವಭಾವ ಇದಕ್ಕೆ ಕಾರಣವಿರಬಹುದು ಎನ್ನುವ ಲೇಖಕರ ಮಾತಿನಲ್ಲಿ ಹುರುಳಿದೆ. ಆದರೆ ರೋಗ ಪತ್ತೆಯಾದ ಮೇಲೆ ಯಾರಿಗೆ ಯಾವ ಚಿಕಿತ್ಸೆ, ಎಷ್ಟು ಬೇಗ ಸಿಕ್ಕಿತು ಎಂಬುದು ಈ ಲೆಕ್ಕದ ಆಚೆಗೇ ಉಳಿಯಿತು. ಅಮೆರಿಕದಂಥ ದೇಶದಲ್ಲಿ ಆ ಪ್ರಶ್ನೆ ಬಿಟ್ಟು ಸಾವಿನ ಕುರಿತು ಮಾತಾಡುವುದು ಅರ್ಧ ಮಾತು.

ನನ್ನ ದೊಡ್ಡ ತಕರಾರು ಬೇರೆ. ‘ಏಷ್ಯನ್ ಮತ್ತು ಪೆಸಿಫಿಕ್ ದ್ವೀಪವಾಸಿ’ ಎಂಬ ಒಂದೇ ಕಾಲಮ್ಮಿನಲ್ಲಿ ಹವಾಯಿಯಲ್ಲಿ ಹುಟ್ಟಿದ ಜಪಾನಿ ಮೂಲದ ಅಜ್ಜಿಯೂ ಮಗನ ಮನೆಗೆಂದು ಹೋಗಿ ನೆಲೆಸಿದ ಧಾರವಾಡದ ಅಮ್ಮನೂ ಒಂದೇ. ವಲಸೆ ಹೋದ ಏಷ್ಯನ್ನರಲ್ಲಿ ತಲೆಮಾರು ಕಳೆದಂತೆ ಅಪಾಯ ಏರುತ್ತದೆ ಎಂಬುದು 1990ರ ದಶಕದಲ್ಲೇ ಗೊತ್ತಿತ್ತು. ಹಾಗಿದ್ದೂ ಹುಟ್ಟಿದ ನೆಲದ ಲೆಕ್ಕವಿಲ್ಲದೆ ಇವರನ್ನೆಲ್ಲ ಗುಂಪುಗೂಡಿಸಿದ್ದು ಅಧ್ಯಯನದ ಬಿರುಕು. ಮೂಲನಿವಾಸಿಗಳಂತೂ ಇಡೀ ಯೋಜನೆಯಲ್ಲಿ ಸುಮಾರು 700 ಮಂದಿ. ಅಷ್ಟರಲ್ಲಿ ಏನನ್ನು ಗಟ್ಟಿಯಾಗಿ ಹೇಳಲಾದೀತು?

ಮುಂದೆ 2011ರಲ್ಲಿ ಏಷ್ಯನ್ ಅಮೆರಿಕನ್ನರಿಗೆಂದೇ ಅಪಾಯ ಅಳೆಯುವ ಸೂತ್ರ ಬಂದಾಗ ಚೀನೀ, ಜಪಾನಿ, ಫಿಲಿಪಿನೋ ಮಹಿಳೆಯರಿಗೆ ಪ್ರತ್ಯೇಕ ಮನೆ ಸಿಕ್ಕಿತು. ಭಾರತೀಯರು ‘ಇತರ ಏಷ್ಯನ್’ ಆಗಿಯೇ ಉಳಿದರು.

ಅಲ್ಲಿರುವ ನಮ್ಮ ಅಕ್ಕಂದಿರು, ಅಮ್ಮಂದಿರು ‘ಏಷ್ಯನ್ನರಿಗೆ ಅಪಾಯ ಕಡಿಮೆ’ ಎಂಬ ಸಮಾಧಾನ ನಂಬಿ ಮ್ಯಾಮೊಗ್ರಾಮ್ ತಪ್ಪಿಸಬಾರದು. 40ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಿ ಎಂಬ ಅಮೆರಿಕದ 2024ರ ಶಿಫಾರಸು ಎಲ್ಲ ಜನಾಂಗದವರಿಗೂ ಒಂದೇ.