ಕೋಲಿನ ಸದ್ದು ಕೇಳಲಿ: ಕೋಲಾಟಕ್ಕೆ ಮೇಳ ಆರಿಸುವ ಬಗೆ

ಗಣೇಶನ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಕೋಲಾಟ ಇಟ್ಟುಕೊಂಡವರ ಮುಂದೆ ಮೊದಲು ಬಂದು ನಿಲ್ಲುವುದು ಹಾಡಿನ ಪ್ರಶ್ನೆ. ಇಂಪಾದ ಕಂಠದವರನ್ನು ಕರೆಸಬೇಕೋ, ಆರ್ಕೆಸ್ಟ್ರಾದವರನ್ನೋ, ಇಲ್ಲ ಸ್ಪೀಕರಿಗೆ ಮೊಬೈಲ್ ಸಿಕ್ಕಿಸಿದರೆ ಸಾಕೋ? ಹೊಸಬರು ಹಾಡು ಕಿವಿಗೆ ಹಿತವಾಗಿದೆಯೇ ಎಂದಷ್ಟೇ ನೋಡಿ ತೀರ್ಮಾನಿಸಿಬಿಡುತ್ತಾರೆ. ಆದರೆ ಕೋಲಾಟ ಕೂತು ಕೇಳುವ ಕಛೇರಿಯಲ್ಲ. ಅಲ್ಲಿ ಮುಖ್ಯ ವಾದ್ಯವೇ ಆಡುವವರ ಕೈಯ ಕೋಲು. 16 ಮಂದಿ ಸುತ್ತು ಕಟ್ಟಿದರೆ 32 ಕೋಲು. ಅವೆಲ್ಲ ಒಂದೇ ಏಟಿಗೆ ಕೂಡಿದಾಗ ಹುಟ್ಟುವ ಸದ್ದು ಗಟ್ಟಿ, ಚೊಕ್ಕ. ಸ್ವಲ್ಪ ಹಿಂದುಮುಂದಾದರೂ ಸೌದೆಯ ಹೊರೆ ಕೆಡವಿದ ಹಾಗೆ ಕೇಳುತ್ತದೆ. ಆದ್ದರಿಂದ ಕೋಲಾಟದ ಸಂಗೀತವನ್ನು ಅಳೆಯುವ ಮೊದಲ ಪ್ರಶ್ನೆ ಇದು: ಹಾಡಿನ ನಡುವೆ ಕೋಲಿನ ಸದ್ದು ಕೇಳುತ್ತಿದೆಯೇ? ತಾಳ, ದಮ್ಮಡಿ, ಪದ ಹೇಳುವ ಒಂದೆರಡು ತೆರೆದ ಗಂಟಲು, ಇಷ್ಟೇ ಇರುವ ಹಳ್ಳಿಯ ಮೇಳ ಬಡತನದಿಂದ ಹಾಗಿರುವುದಲ್ಲ. ಆ ಮಿತಿಯಲ್ಲಿಯೇ ಕೋಲಿಗೆ ಜಾಗ ಸಿಗುತ್ತದೆ.

ಮೇಳಕ್ಕೂ ರೆಕಾರ್ಡಿಗೂ ಇರುವ ಅಂತರ ಸ್ಪಷ್ಟವಾಗಿ ಕಾಣಬೇಕಾದರೆ ಜಡೆ ಕೋಲಾಟ ನೋಡಬೇಕು. ಮೇಲಿನ ಒಂದು ಕೊಂಡಿಯಿಂದ ಬಣ್ಣಬಣ್ಣದ ಹಗ್ಗಗಳು ಇಳಿಬಿದ್ದಿರುತ್ತವೆ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ತುದಿ. ಅರ್ಧ ಮಂದಿ ಬಲಕ್ಕೆ, ಅರ್ಧ ಮಂದಿ ಎಡಕ್ಕೆ ಸಾಗುತ್ತ, ಎದುರಾದವರ ಒಳಗೊಮ್ಮೆ ಹೊರಗೊಮ್ಮೆ ನುಸುಳುತ್ತ ಹೋದಂತೆ ಮೇಲಿನಿಂದ ಜಡೆ ಹೆಣೆದುಕೊಳ್ಳುತ್ತದೆ. ಜಡೆ ಕೆಳಗಿಳಿದಷ್ಟೂ ಕೈಯಲ್ಲಿ ಉಳಿದ ಹಗ್ಗ ಗಿಡ್ಡವಾಗಿ ಸುತ್ತು ಕಿರಿದಾಗುತ್ತದೆ, ಎದುರಿನವರು ಬೇಗಬೇಗ ಎದುರಾಗುತ್ತಾರೆ, ಹೆಜ್ಜೆ ಚಿಕ್ಕದಾಗುತ್ತದೆ. ಆಮೇಲೆ ಬಂದ ದಾರಿಯಲ್ಲೇ ತಿರುಗಿ ನಡೆದು ಅಷ್ಟನ್ನೂ ಬಿಚ್ಚಬೇಕು. ಇದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಮೊದಲೇ ಹೇಳಲಾಗದು. ಹಗ್ಗದ ಉದ್ದ, ಮಂದಿಯ ಸಂಖ್ಯೆ, ಅವತ್ತಿನ ಕಾಲುಗಳ ಚುರುಕು ಎಲ್ಲವೂ ಅದರಲ್ಲಿ ಸೇರಿವೆ. ಒಬ್ಬರು ಒಳಗೆ ಹೋಗಬೇಕಾದಲ್ಲಿ ಹೊರಗೆ ಹೋದರೆ ಹೆಣಿಗೆ ತಪ್ಪುತ್ತದೆ. ಅದನ್ನು ಕಂಡ ಪದಗಾರ ಮುಂದಿನ ಸೊಲ್ಲಿಗೆ ಹೋಗದೆ ಪಲ್ಲವಿಯನ್ನೇ ಮತ್ತೆಮತ್ತೆ ಎತ್ತಿಕೊಡುತ್ತಾನೆ, ತಾಳದವನು ಕಾಲ ತಗ್ಗಿಸುತ್ತಾನೆ, ತಪ್ಪಿದವರು ಹಿಂದೆ ಸರಿದು ಸರಿಪಡಿಸಿಕೊಳ್ಳುತ್ತಾರೆ. ನೋಡುವವರಿಗೆ ಆಟ ನಿಂತದ್ದೇ ತಿಳಿಯುವುದಿಲ್ಲ. ಐದು ನಿಮಿಷದ ರೆಕಾರ್ಡಾದರೆ ಜಡೆ ಅರ್ಧ ಬಿಚ್ಚಿದ್ದರೂ ಮುಗಿದುಹೋಗುತ್ತದೆ.

ರೆಕಾರ್ಡಿನ ಪರವಾಗಿ ಹೇಳುವವರ ಮಾತಲ್ಲಿ ಹುರುಳಿಲ್ಲವೆಂದಲ್ಲ. ಖರ್ಚು ಕಡಿಮೆ, ಗತಿ ತಪ್ಪುವುದಿಲ್ಲ, ಗೊತ್ತಿರುವ ಸಿನಿಮಾ ಹಾಡು ಹಾಕಿದರೆ ಸಂಕೋಚದವರೂ ಸುತ್ತಿಗೆ ಇಳಿಯುತ್ತಾರೆ. ಹೆಜ್ಜೆ ಕಲಿಯುವ ದಿನಗಳಲ್ಲಿ ಗತಿ ಬದಲಾಗದ ಹಾಡು ನಿಜಕ್ಕೂ ಉಪಕಾರಿ, ಅದನ್ನು ಒಪ್ಪಬೇಕು. ಆಟದ ದಿನ ಮಾತ್ರ ಅದೇ ಗುಣ ತೊಡಕಾಗುತ್ತದೆ. ಕೋಲಾಟ ನಿಧಾನವಾಗಿ ಶುರುವಾಗಿ, ಮೈ ಬಿಸಿಯಾದಂತೆ ಕಾಲ ಏರಿಸಿಕೊಂಡು ಹೋಗುವ ಆಟ. ಅಂಥ ಏರಿಕೆ ಇರುವ ಹಾಡನ್ನೇ ಹುಡುಕಿ ಹಾಕಿದರೂ, ಆಡುವವರಲ್ಲಿ ಅರವತ್ತರ ಅಜ್ಜಿಯೂ ಹತ್ತರ ಹುಡುಗನೂ ಇರುವಾಗ ಎಲ್ಲಿಗೆ ನಿಲ್ಲಿಸಬೇಕೆಂಬುದು ಅವರ ಉಸಿರು ನೋಡಿಯೇ ಗೊತ್ತಾಗಬೇಕು. ಸಿನಿಮಾ ಹಾಡಿನ ಪಲ್ಲವಿ ಚರಣಗಳ ನಡುವಿನ ವಾದ್ಯಭಾಗವಂತೂ ಸುತ್ತಿನ ಲೆಕ್ಕಕ್ಕೆ ಹೊಂದುವುದು ಅಪರೂಪ. ಮೈದಾನ ದೊಡ್ಡದು, ಸದ್ದು ಸಾಲದು ಎಂಬ ಇನ್ನೊಂದು ವಾದವಿದೆ. ಆದರೆ ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಹೋಗುತ್ತದೆ. ಸ್ಪೀಕರ್ 34 ಮೀಟರ್ ದೂರವಿದ್ದರೆ ತಾಳ ಕಿವಿಗೆ ತಲುಪುವುದು ಸೆಕೆಂಡಿನ ಹತ್ತನೇ ಒಂದು ಪಾಲು ತಡವಾಗಿ. ನಿಮಿಷಕ್ಕೆ 120 ಏಟು ಬೀಳುವ ಗತಿಯಲ್ಲಿ ಅದು ಏಟಿನಿಂದ ಏಟಿಗಿರುವ ಅವಧಿಯ ಐದನೇ ಒಂದು ಪಾಲು. ಸ್ಪೀಕರ್ ಹತ್ತಿರದವರ ಕೋಲೂ ದೂರದವರ ಕೋಲೂ ಕೂಡದಿರುವುದಕ್ಕೆ ಅವರ ಅಭ್ಯಾಸ ಸಾಲದೆಂದು ಬೈಯುವುದು ಅನ್ಯಾಯ. ಮೇಳ ಸುತ್ತಿನ ನಡುವೆ ನಿಂತರೆ ತಾಳ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ದೂರ.

ಮೇಳವೆಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ. ತಾಳದವನ ಕಣ್ಣು ಎಲ್ಲಿದೆ ನೋಡಿ. ಅದು ಆಡುವವರ ಕಾಲಿನ ಮೇಲಿದ್ದರೆ ಅವನು ಬದಲಿಸುವ ಗತಿಗೆ ಕಾರಣವಿರುತ್ತದೆ. ಪ್ರೇಕ್ಷಕರ ಮೇಲಿದ್ದರೆ ಆ ಏರಿಳಿತ ಬರಿಯ ತಪ್ಪು. ಪದಗಾರ ಸೊಲ್ಲು ಬಿಟ್ಟುಕೊಟ್ಟ ಮೇಲೆ ಆಡುವವರು ಅದನ್ನು ಎತ್ತಿಕೊಳ್ಳುವಷ್ಟು ಹೊತ್ತು ಸುಮ್ಮನಿರುತ್ತಾನೆಯೇ ಗಮನಿಸಿ. ಸುಗಮ ಸಂಗೀತದ ಅಭ್ಯಾಸವಿರುವವರು ಸ್ವರವನ್ನು ಎಳೆದು ಏಟಿನಾಚೆಗೆ ಒಯ್ಯುವುದುಂಟು. ವೇದಿಕೆಯಲ್ಲಿ ಅದು ಚೆಲುವೇ, ಸುತ್ತಿನಲ್ಲಿ ಮಾತ್ರ ಹೆಜ್ಜೆ ಅದಕ್ಕಾಗಿ ಕಾಯುತ್ತ ತಡವರಿಸುತ್ತದೆ. ಕಂಠ ಮತ್ತು ಲಯದಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ಲಯ ಗಟ್ಟಿಯಿರುವ ಒರಟು ಕಂಠವನ್ನೇ ಆರಿಸಿ. ಹಣ ಸಾಲದಿದ್ದರೆ ದೀಪಾಲಂಕಾರ ತಗ್ಗಿಸಿ, ಸ್ಪೀಕರ್ ಬಾಡಿಗೆ ಉಳಿಸಿ. ತಾಳ, ದಮ್ಮಡಿ, ಪದ ಎಂದು ಮೂರೇ ಮಂದಿ ಬಂದರೂ ಆಟ ನಡೆಯುತ್ತದೆ. ಬಂದವರನ್ನು ಎತ್ತರದ ವೇದಿಕೆಗೆ ಹತ್ತಿಸಬೇಡಿ. ಸುತ್ತಿನ ನಡುವೆ ಅವರಿಗೆ ನಿಲ್ಲಲು ಜಾಗ ಬಿಡಿ.