ನೀರಿನಡಿಯ ದ್ವಾರಕೆ: ಒಂದು ಗ್ರಂಥ ವಿಮರ್ಶೆ

ಊರಿನಿಂದ ಬಂದ ನೆಂಟರನ್ನು ದ್ವಾರಕೆಗೆ ಕರೆದೊಯ್ಯುವ ಭಾಗ್ಯ ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ನೆಲೆಸಿದ ನಮಗೆಲ್ಲ ಒಂದಲ್ಲ ಒಂದು ಸಲ ಬರುತ್ತದೆ. “ಮುಳುಗಿದ ದ್ವಾರಕೆ ಸಿಕ್ಕಿದೆಯಂತೆ, ಹೌದೇ?” ಎಂದು ಅವರು ಕೇಳುವುದೂ ಉಂಟು. ಉತ್ತರ ಹೇಳಬೇಕಾದವರು ಡಾ. ಎಸ್. ಆರ್. ರಾವ್ ಅವರ ‘ದಿ ಲಾಸ್ಟ್ ಸಿಟಿ ಆಫ್ ದ್ವಾರಕಾ’ (1999) ಎಂಬ ಇಂಗ್ಲಿಷ್ ಗ್ರಂಥವನ್ನು ಓದಬೇಕು, ಎಚ್ಚರದಿಂದ ಓದಬೇಕು.

ಶಿಕಾರಿಪುರ ರಂಗನಾಥ ರಾವ್ (1922–2013) ನಮ್ಮವರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕಲಿತು, ಬರೋಡೆಯ ಪುರಾತತ್ತ್ವ ಇಲಾಖೆಯಲ್ಲಿ ದುಡಿದು, 1955ರಿಂದ ಲೋಥಲ್ ಉತ್ಖನನ ನಡೆಸಿದವರು. ಮುಂದೆ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಸಾಗರ ಪುರಾತತ್ತ್ವ ವಿಭಾಗವನ್ನು ಕಟ್ಟಿ, 1983ರಿಂದ 1990ರವರೆಗೆ ದ್ವಾರಕೆ ಮತ್ತು ಬೇಟ್ ದ್ವಾರಕೆಗಳ ಕಡಲಿನಲ್ಲಿ ಶೋಧ ಮಾಡಿಸಿದರು.

ಗ್ರಂಥದ ಹಿರಿಮೆ ಈ ದುಡಿಮೆಯಲ್ಲಿದೆ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಕದಡಿದ ನೀರಿಗಿಳಿದವರು ಕಲ್ಲನ್ನು ಕೈಯಿಂದ ಮುಟ್ಟಿ, ಅಳೆದು, ನಕ್ಷೆಗೆ ತಂದರು. ಸುಣ್ಣಕಲ್ಲಿನ ಆ ದಂಡೆಯ ಆಚೆ ಕಡೆದ ಕಲ್ಲುಗಳು, ಅರ್ಧವರ್ತುಲದ ರಚನೆಗಳು, ತೂತುಳ್ಳ ಕಲ್ಲಿನ ಲಂಗರುಗಳು ಕಂಡವು. ಬೇಟ್ ದ್ವಾರಕೆಯಲ್ಲಿ ಮೂರು ತಲೆಯ ಪ್ರಾಣಿಯ ಚಿತ್ರವಿದ್ದ ಶಂಖದ ಮುದ್ರೆ ದೊರೆಯಿತು.

ತೊಡಕು ಇಲ್ಲಿಂದ ಮುಂದೆ. ಮುದ್ರೆಯ ಕಾಲವನ್ನು ಹರಪ್ಪಾ ಮುದ್ರೆಗಳೊಂದಿಗೆ ಹೋಲಿಸಿ ಹೇಳಬಹುದು. ಕಡೆದ ಕಲ್ಲಿಗೆ ಅಂಥ ಗುರುತಿಲ್ಲ. ಬೇಟ್ ದ್ವಾರಕೆ ದ್ವೀಪ; ದ್ವಾರಕೆಯ ದೇವಾಲಯದಿಂದ ಸುಮಾರು 30 ಕಿಲೋಮೀಟರು ದೂರ. ಲೇಖಕರು ದ್ವೀಪದ ಪುರಾವೆಯನ್ನೂ ದ್ವಾರಕೆಯ ಕಲ್ಲುಗಳನ್ನೂ ಒಟ್ಟಿಗೆ ಇಟ್ಟು, ಮಹಾಭಾರತದ ನಗರವೇ ಇದು ಎಂಬ ನಿರ್ಣಯಕ್ಕೆ ಬರುತ್ತಾರೆ. ಅವರ ಸಂಸ್ಥೆಯ ಮುಂದಿನ ಪೀಳಿಗೆಯ ಎ. ಎಸ್. ಗೌರ್, ಸುಂದರೇಶ್ ಮೊದಲಾದವರು ಅದೇ ಜಾಗದಲ್ಲಿ ಮುಳುಗಿ ನೋಡಿ, ದ್ವಾರಕೆಯ ಕಲ್ಲುಗಳೂ ಲಂಗರುಗಳೂ ಬಹುಮಟ್ಟಿಗೆ ಐತಿಹಾಸಿಕ ಕಾಲದ, ಮಧ್ಯಯುಗದವರೆಗಿನ ಬಂದರಿನವು ಎಂದು ವಾದಿಸಿದ್ದಾರೆ. ಈ ವಾದವೇ ಹೆಚ್ಚು ಒಪ್ಪುವಂತಿದೆ.

ಕಾವ್ಯವನ್ನು ನಂಬಿ ತೀರ್ಮಾನಿಸುವುದೂ ಸುಲಭವಲ್ಲ. ಮೌಸಲ ಪರ್ವದಲ್ಲಿ ದ್ವಾರಕೆಯನ್ನು ಕಡಲು ನುಂಗುತ್ತದೆ. ಜೈನ ಪರಂಪರೆಯ ಕಥೆಯಲ್ಲಿ ದ್ವಾರಾವತಿ ದ್ವೀಪಾಯನನ ಕೋಪಕ್ಕೆ ಸುಟ್ಟು ಬೂದಿಯಾಗುತ್ತದೆ. ಯಾವ ಕಥೆಗೆ ಯಾವ ಕಲ್ಲು ಸಾಕ್ಷಿ?

ಇಷ್ಟಾದರೂ ರಾವ್ ಅವರ ಸಾಧನೆ ಕುಂದುವುದಿಲ್ಲ. ಅವರು ತೆರೆದ ದಾರಿಯಲ್ಲೇ ನಡೆದವರು ಅವರನ್ನು ತಿದ್ದಿದ್ದಾರೆ; ಶಾಸ್ತ್ರ ಬೆಳೆಯುವುದು ಹೀಗೆಯೇ. 2025ರ ಫೆಬ್ರವರಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ತಂಡವೂ ದ್ವಾರಕೆಯ ನೀರಿಗಿಳಿಯಿತು. ನಮ್ಮ ಮಕ್ಕಳಿಗೆ ಹೇಳಬೇಕಾದ್ದು ಇಷ್ಟು: ಬೇಟ್ ದ್ವಾರಕೆಯಲ್ಲಿ ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ ಜನವಸತಿ ಇತ್ತು, ದ್ವಾರಕೆಯಲ್ಲಿ ಹಳೆಯ ಬಂದರಿತ್ತು, ಕೃಷ್ಣನ ನಗರ ಸಿಕ್ಕಿತೆನ್ನಲು ಈ ಗ್ರಂಥದ ಪುರಾವೆ ಸಾಲದು. ಅದನ್ನು ಹುಡುಕಲು ಮೊದಲು ಕಡಲಿಗಿಳಿದ ತಂಡದ ಮುಂದಾಳು ಒಬ್ಬ ಕನ್ನಡಿಗ ಎಂಬುದನ್ನೂ ಜೊತೆಗೆ ಹೇಳೋಣ.