ಪ್ಲಾಟಸ್‌ನ ಅವಳಿಗಳು

ರೋಮಿನ ಹಾಸ್ಯ ನಾಟಕಕಾರ ಪ್ಲಾಟಸ್ ಹುಟ್ಟಿದ್ದು ಸುಮಾರು ಕ್ರಿ.ಪೂ. 254ರಲ್ಲಿ, ಇಟಲಿಯ ಸಾರ್ಸಿನಾದಲ್ಲಿ. ಗ್ರೀಕ್ ಹಾಸ್ಯನಾಟಕಗಳನ್ನು ಆಧಾರವಾಗಿಟ್ಟುಕೊಂಡು ಅವನು ಬರೆದವುಗಳಲ್ಲಿ 20 ನಾಟಕಗಳು ಹೆಚ್ಚುಕಡಿಮೆ ಇಡಿಯಾಗಿ ಉಳಿದಿವೆ. ಯಜಮಾನನಿಗಿಂತ ಚುರುಕಾದ ಗುಲಾಮ, ಬಡಾಯಿ ಕೊಚ್ಚುವ ಸಿಪಾಯಿ, ಜಿಪುಣ ಮುದುಕ: ಯುರೋಪಿನ ಹಾಸ್ಯರಂಗದ ಈ ಖಾಯಂ ಪಾತ್ರಗಳಿಗೆ ಜೀವ ತುಂಬಿದವನು ಅವನೇ.

ಅವನ ‘ಮೆನೆಕ್ಮಿ’ಯ ಕಥೆ ಸರಳ. ಚಿಕ್ಕಂದಿನಲ್ಲೇ ಅಗಲಿದ ಅವಳಿ ಸೋದರರು ಒಂದೇ ಊರಿನಲ್ಲಿದ್ದಾರೆ, ಆದರೆ ಕೊನೆಯವರೆಗೂ ಒಬ್ಬರಿಗೊಬ್ಬರು ಎದುರಾಗುವುದಿಲ್ಲ. ಒಬ್ಬನಿಗೆ ಬಡಿಸಿದ ಊಟವನ್ನು ಇನ್ನೊಬ್ಬ ಉಣ್ಣುತ್ತಾನೆ. ಬೈಗುಳ ಮಾತ್ರ ಮೊದಲನೆಯವನಿಗೆ. ಪ್ರೇಕ್ಷಕನಿಗೆ ಎಲ್ಲವೂ ಗೊತ್ತು, ಪಾತ್ರಗಳಿಗೆ ಏನೂ ಗೊತ್ತಿಲ್ಲ. ನಗು ಹುಟ್ಟುವುದು ಈ ಅಂತರದಲ್ಲಿ. ಪ್ಲಾಟಸ್ ಅದನ್ನು ಕೊನೆಯ ದೃಶ್ಯದವರೆಗೂ ಸಡಿಲಗೊಳ್ಳದಂತೆ ಕಾಪಾಡಿದ ಕೌಶಲ ನಿಜಕ್ಕೂ ದೊಡ್ಡದು.

ಶೇಕ್ಸ್‌ಪಿಯರ್ ಅವಳಿ ಸೇವಕರನ್ನೂ ಸೇರಿಸಿ ಇದನ್ನೇ ‘ಕಾಮಿಡಿ ಆಫ್ ಎರರ್ಸ್’ ಮಾಡಿದ. ಈಶ್ವರಚಂದ್ರ ವಿದ್ಯಾಸಾಗರರು 1869ರಲ್ಲಿ ಅದನ್ನು ಬಂಗಾಳಿಯಲ್ಲಿ ‘ಭ್ರಾಂತಿವಿಲಾಸ’ವೆಂಬ ಗದ್ಯಕಥೆಯಾಗಿಸಿದರು. ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರು ಅದನ್ನೂ ಕನ್ನಡಿಸಿದರು. ಧಾರವಾಡದ ಡೆಪ್ಯುಟಿ ಚನ್ನಬಸಪ್ಪನವರು ಶೇಕ್ಸ್‌ಪಿಯರನ ಅದೇ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ಯಾಗಿ ರೂಪಾಂತರಿಸಿದರು. 1997ರಲ್ಲಿ ಎನ್.ಎಸ್. ಶಂಕರ್ ನಿರ್ದೇಶಿಸಿದ ‘ಉಲ್ಟಾ ಪಲ್ಟಾ’ ಚಿತ್ರಕ್ಕೂ ಇದೇ ಕಥೆ ಆಧಾರ.